ದೂರದ ಯಂತ್ರಕ್ಕೆ ಅಪ್ಪಣೆ

ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ 844 ಮೀಟರ್ ಸುತ್ತಳತೆಯ ಸಿಂಕ್ರೊಟ್ರಾನ್ ಉಂಗುರವೊಂದಿದೆ. ಅದರೊಳಗೆ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಅತಿ ಸಮೀಪವಾದ ವೇಗದಲ್ಲಿ ಸುತ್ತುತ್ತ ಪ್ರಖರವಾದ ಕ್ಷ-ಕಿರಣಗಳನ್ನು ಸೂಸುತ್ತವೆ. ಅಲ್ಲಿನ ಮೋಟಾರು, ನಿರ್ವಾತ ಪಂಪು, ವಿದ್ಯುತ್ಕಾಂತ ಮುಂತಾದವು ಬೇರೆಬೇರೆ ಕಂಪ್ಯೂಟರುಗಳ ಅಧೀನದಲ್ಲಿವೆ. ದೂರದ ಕೊಠಡಿಯಲ್ಲಿ ಕುಳಿತ ವಿಜ್ಞಾನಿಯು ಇವುಗಳಲ್ಲೊಂದಕ್ಕೆ ಅಪ್ಪಣೆ ಕೊಡುವುದು ಹೇಗೆ?

ಇದಕ್ಕಾಗಿ 1990ರ ದಶಕದ ಕೊನೆಯಲ್ಲಿ ಅಲ್ಲಿ ರೂಪುಗೊಳ್ಳತೊಡಗಿದ ವ್ಯವಸ್ಥೆಯ ಹೆಸರು ಟ್ಯಾಂಗೊ. 1991ರಲ್ಲಿ ಮೊದಲು ಪ್ರಕಟವಾದ ಕೋರ್ಬಾ ಎಂಬ ಮಾನಕವು ಇದರ ತಳಹದಿ. ಪ್ರತಿಯೊಂದು ಉಪಕರಣವನ್ನೂ ಒಂದು ‘ವಸ್ತು’ವೆಂದು ಭಾವಿಸಿ, ಅದು ಯಾವ ಕಂಪ್ಯೂಟರಿನಲ್ಲಿದ್ದರೂ, ಯಾವ ಪ್ರೋಗ್ರಾಂ ಭಾಷೆಯಲ್ಲಿ ರಚಿತವಾಗಿದ್ದರೂ, ಒಂದೇ ಬಗೆಯಾಗಿ ಕರೆಯಲು ಅನುಕೂಲ ಮಾಡಿಕೊಡುವುದೇ ಕೋರ್ಬಾದ ಉದ್ದೇಶ.

ಅಪ್ಪಣೆ ಕೊಡುವ ಪ್ರೋಗ್ರಾಮಿಗೆ ‘ಕ್ಲೈಂಟ್’ ಎಂದು ಹೆಸರು. ಅದರ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು, ಉಪಕರಣದ ಹೆಸರನ್ನು ಹೇಳಿ ಅದರ ವಿಳಾಸವನ್ನು ದತ್ತಸಂಗ್ರಹದಿಂದ ಪಡೆಯುತ್ತದೆ. ಎರಡನೆಯದಾಗಿ, ತನ್ನಲ್ಲಿಯೇ ಆ ಉಪಕರಣದ ‘ಪ್ರತಿನಿಧಿ’ಯೊಂದನ್ನು ನಿರ್ಮಿಸಿಕೊಳ್ಳುತ್ತದೆ. ಮೂರನೆಯದಾಗಿ, ಆ ಪ್ರತಿನಿಧಿಗೆ ಅಪ್ಪಣೆ ಕೊಡುತ್ತದೆ. ಪ್ರತಿನಿಧಿಯು ಅಪ್ಪಣೆಯನ್ನು ಬೈಟುಗಳ ಸಾಲಾಗಿ ಮಾರ್ಪಡಿಸಿ ಜಾಲದ ಮೂಲಕ ಕಳುಹಿಸುತ್ತದೆ. ಬಂದ ಉತ್ತರವನ್ನು ಕ್ಲೈಂಟಿಗೆ ಒಪ್ಪಿಸುತ್ತದೆ.

ಹೀಗಾಗಿ ಪ್ರೋಗ್ರಾಂ ಬರೆಯುವವರಿಗೆ ಮೋಟಾರು ತಮ್ಮ ಮೇಜಿನ ಮೇಲೆಯೇ ಇದ್ದಂತೆ ತೋರುತ್ತದೆ. ಅಪಾಯವಿರುವುದೂ ಇಲ್ಲಿಯೇ. ಟ್ಯಾಂಗೊದಲ್ಲಿ ಬೇರೆ ಅವಧಿಯನ್ನು ಗೊತ್ತುಮಾಡದಿದ್ದರೆ ಕ್ಲೈಂಟು 3 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ದೋಷವೆಂದು ವರದಿಮಾಡುತ್ತದೆ. ಈ ದೋಷದ ಅರ್ಥವೇನು? ಅಪ್ಪಣೆಯು ಮೋಟಾರನ್ನು ತಲಪಲೇ ಇಲ್ಲವೆ? ಅಥವಾ ತಲಪಿ, ಕೆಲಸವೂ ನಡೆದು, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೆ? ಈ ದೋಷವೊಂದರಿಂದಲೇ ಅದನ್ನು ತಿಳಿಯುವ ಬಗೆಯಿಲ್ಲ.

ನಾವು ‘5 ಮಿಲಿಮೀಟರ್ ಮುಂದೆ ಸರಿ’ ಎಂದು ಹೇಳಿದೆವೆನ್ನೋಣ. ಉತ್ತರ ಬಾರದೆ ಇನ್ನೊಮ್ಮೆ ಹೇಳಿದರೆ ಮೋಟಾರು ಒಟ್ಟು 10 ಮಿಲಿಮೀಟರ್ ಸರಿದುಬಿಡಬಹುದು. ಎದುರಿನ ಸೂಕ್ಷ್ಮ ಉಪಕರಣಕ್ಕೆ ತಗಲಿ ಹಾನಿಯಾದೀತು. ಅದಕ್ಕೆ ಬದಲಾಗಿ ‘ಅಳತೆಪಟ್ಟಿಯ 5ನೆಯ ಮಿಲಿಮೀಟರಿಗೆ ಹೋಗಿ ನಿಲ್ಲು’ ಎಂದಿದ್ದರೆ, ಹತ್ತು ಸಲ ಹೇಳಿದರೂ ಫಲ ಒಂದೇ. ಆದುದರಿಂದ ಕ್ಲೈಂಟ್ ರಚಿಸುವವರು ಸಾಧ್ಯವಿದ್ದೆಡೆಯಲ್ಲೆಲ್ಲ ಎರಡನೆಯ ಬಗೆಯ ಅಪ್ಪಣೆಯನ್ನೇ ಆರಿಸಬೇಕು. ಅದು ಸಾಧ್ಯವಾಗದೆಡೆ, ಮೋಟಾರು ನಿಂತಿದೆಯೆ, ಎಲ್ಲಿ ನಿಂತಿದೆ ಎಂಬುದನ್ನು ಓದಿ ತಿಳಿದ ಮೇಲೆಯೇ ಮುಂದುವರಿಯಬೇಕು.

ಕೊನೆಗೆ ವಾಚಕರಿಗೊಂದು ಪ್ರಶ್ನೆ: ಕಿರಣವನ್ನು ತಡೆಯುವ ಕವಾಟಕ್ಕೆ ‘ಮುಚ್ಚು’ ಎಂಬ ಅಪ್ಪಣೆಯೊಂದು, ‘ತೆರೆದಿದ್ದರೆ ಮುಚ್ಚು, ಮುಚ್ಚಿದ್ದರೆ ತೆರೆ’ ಎಂಬುದು ಇನ್ನೊಂದು. ಉತ್ತರ ಬಾರದಿದ್ದಾಗ ಯಾವುದನ್ನು ನಿರಾತಂಕವಾಗಿ ಮತ್ತೆ ಹೇಳಬಹುದು?