ಗಾಯದೊಳಗಿನ ಶಿಲೀಂಧ್ರಕ್ಕೆ ಸ್ಪಂಜಿನ ಮದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಗದ್ದೆ ತೋಟಗಳಲ್ಲಿ ಮಳೆಗಾಲ ಬಂತೆಂದರೆ ಬರಿಗಾಲಿಗೆ ಮುಳ್ಳು ಚುಚ್ಚುವುದು, ಕತ್ತಿ ತಾಗುವುದು ಹೊಸತಲ್ಲ. ಹೆಚ್ಚಿನ ಗಾಯಗಳು ತೊಳೆದು ಕಟ್ಟಿದರೆ ಮಾಯುತ್ತವೆ. ಕೆಲವು ಮಾತ್ರ ಆಂಟಿಬಯೋಟಿಕ್ ಮಾತ್ರೆ ನುಂಗಿದರೂ ಅಗಲವಾಗುತ್ತಲೇ ಹೋಗುತ್ತವೆ. ಅಂಥ ಗಾಯದಲ್ಲಿ ಶಿಲೀಂಧ್ರ, ಅಂದರೆ ಫಂಗಸ್, ಬೆಳೆದಿರಬಹುದು. ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ಶಿಲೀಂಧ್ರವನ್ನು ಕೊಲ್ಲುವುದಿಲ್ಲ.

ಶಿಲೀಂಧ್ರ ಎಲ್ಲಿಂದ ಬರುತ್ತದೆ?

ಮಣ್ಣು, ಕೊಳೆತ ಸೊಪ್ಪು, ಮರದ ಸಿಬಿರು ಇವುಗಳಲ್ಲಿ ಶಿಲೀಂಧ್ರ ಸದಾ ಇರುತ್ತದೆ. ಗಾಯದ ಆಳಕ್ಕೆ ಇವು ಹೊಕ್ಕರೆ ಅದೂ ಜೊತೆಗೆ ಹೋಗುತ್ತದೆ. ಅಪೊಫಿಸೊಮೈಸಿಸ್ ಎಂಬ ಶಿಲೀಂಧ್ರವನ್ನು 1979ರಲ್ಲಿ ಮೊದಲು ಗುರುತಿಸಿದ್ದು ನಮ್ಮ ದೇಶದ ಮಾವಿನ ತೋಟದ ಮಣ್ಣಿನಲ್ಲಿ. 2011ರ ಮೇ ತಿಂಗಳಲ್ಲಿ ಅಮೆರಿಕದ ಜೋಪ್ಲಿನ್ ನಗರಕ್ಕೆ ಸುಂಟರಗಾಳಿ ಬಡಿದಾಗ ಗಾಯಗೊಂಡವರಲ್ಲಿ 13 ಮಂದಿಗೆ ಇದೇ ಗುಂಪಿನ ಶಿಲೀಂಧ್ರದ ಸೋಂಕು ತಗುಲಿ, ಐವರು ತೀರಿಕೊಂಡರು. ಇಂಥ ಸೋಂಕು ಅಪರೂಪ, ಹೆದರಬೇಕಿಲ್ಲ. ಆದರೆ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ಹೆಚ್ಚು ಎಚ್ಚರದಿಂದಿರಬೇಕು.

ಮದ್ದಿದ್ದರೂ ತಲುಪದ ಕಷ್ಟ

ಆಂಫೋಟೆರಿಸಿನ್ ಎಂಬ ಮದ್ದಿನ ಹೆಸರನ್ನು 2021ರಲ್ಲಿ ಕೋವಿಡ್ ಜೊತೆ ಕಪ್ಪು ಶಿಲೀಂಧ್ರ ರೋಗ ಬಂದಾಗ ನೀವು ಕೇಳಿರಬಹುದು. ಇದನ್ನು ರಕ್ತನಾಳದ ಮೂಲಕ ಅನೇಕ ದಿನ ಕೊಡಬೇಕು. ಚಳಿಜ್ವರ ಬರುವುದುಂಟು, ಮೂತ್ರಪಿಂಡಕ್ಕೂ ತೊಂದರೆಯಾಗಬಹುದು. ಇನ್ನೊಂದು ಕಷ್ಟವಿದೆ. ಈ ಜಾತಿಯ ಶಿಲೀಂಧ್ರ ರಕ್ತನಾಳದೊಳಗೇ ಬೆಳೆದು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ರಕ್ತ ಹರಿಯದ ಜಾಗಕ್ಕೆ ರಕ್ತದಲ್ಲಿರುವ ಮದ್ದು ಹೋಗುವುದಾದರೂ ಹೇಗೆ?

ಅಡಿಕೆಗೆ ಕೊಳೆರೋಗ ಬಾರದಂತೆ ನಾವು ಬೋರ್ಡೊ ದ್ರಾವಣವನ್ನು ಮರದ ಬುಡಕ್ಕೆ ಸುರಿಯುವುದಿಲ್ಲ, ಗೊನೆಗೇ ಸಿಂಪಡಿಸುತ್ತೇವೆ. ಸ್ಪಂಜಿನ ಹಿಂದಿರುವ ಯೋಚನೆಯೂ ಇದೇ.

ಸ್ಪಂಜು ಹೇಗೆ ಕೆಲಸ ಮಾಡುತ್ತದೆ?

ಸಿಗಡಿ, ಏಡಿಗಳ ಚಿಪ್ಪಿನಿಂದ ಕೈಟೋಸಾನ್ ಎಂಬ ವಸ್ತು ಸಿಗುತ್ತದೆ. ಅಣಬೆಯಿಂದಲೂ ತೆಗೆಯಬಹುದು. ಅದರ ದ್ರಾವಣವನ್ನು ಹೆಪ್ಪುಗಟ್ಟಿಸಿ ಒಣಗಿಸಿದರೆ ಹಗುರವಾದ ಸ್ಪಂಜು ಆಗುತ್ತದೆ. ಮದ್ದಿನ ದ್ರಾವಣ ಹೀರಿಸಿ ಅದನ್ನು ಗಾಯದೊಳಗಿಟ್ಟರೆ ಕೆಲವು ದಿನ ಅಲ್ಲೇ ಮದ್ದು ಒಸರುತ್ತದೆ. ಗಾಯದಲ್ಲಿ ಮದ್ದು ಹೆಚ್ಚು, ಮೈಯಲ್ಲಿ ಕಡಿಮೆ. ನಮ್ಮ ದೇಹದ ಲೈಸೋಜೈಮ್ ಎಂಬ ಕಿಣ್ವ ಸ್ಪಂಜನ್ನು ನಿಧಾನವಾಗಿ ಕರಗಿಸುವುದರಿಂದ ಹೊರತೆಗೆಯಲು ಮತ್ತೆ ಶಸ್ತ್ರಕ್ರಿಯೆ ಬೇಡ. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ಸಂಶೋಧಕರು ಆಂಫೋಟೆರಿಸಿನ್ ಹೀರಿಸಿದ ಇಂಥ ಸ್ಪಂಜನ್ನು ಪರೀಕ್ಷಿಸಿದ್ದಾರೆ.

ಆದರೆ ಶಿಲೀಂಧ್ರದ ಗಾಯಕ್ಕೆ ಇದು ಇನ್ನೂ ಎಲ್ಲೆಡೆ ದೊರೆಯುವ ಚಿಕಿತ್ಸೆಯಲ್ಲ. ಮುಂದೆ ದೊರೆತರೂ ಸತ್ತ ಮಾಂಸವನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದು, ರಕ್ತನಾಳದ ಮದ್ದು, ಸಕ್ಕರೆಯ ಹತೋಟಿ ಇವುಗಳ ಜೊತೆಗೇ ಹೊರತು ಇವುಗಳ ಬದಲಿಗಲ್ಲ.

ನೀವು ಮಾಡಬೇಕಾದದ್ದು

1. ಗಾಯವಾದ ಕೂಡಲೇ ಶುದ್ಧ ನೀರು, ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಒಳಗೆ ಸಿಬಿರು ಉಳಿದಿದ್ದರೆ ಆಸ್ಪತ್ರೆಯಲ್ಲೇ ತೆಗೆಸಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ.

2. ಮಣ್ಣು, ಸೆಗಣಿ, ಕಾಫಿಪುಡಿ, ಅರೆದ ಸೊಪ್ಪು ಹಚ್ಚಬೇಡಿ.

3. ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಬೇಡಿ. ಉರಿ ತಗ್ಗಿದಂತೆ ಕಂಡರೂ ಶಿಲೀಂಧ್ರ ಬೆಳೆಯುತ್ತದೆ.

4. ಗಾಯ ಎಲ್ಲಿ, ಯಾವುದರಿಂದ ಆಯಿತೆಂದು ವೈದ್ಯರಿಗೆ ಹೇಳಿ. "ತೋಟದಲ್ಲಿ ಸಿಬಿರು ಹೊಕ್ಕಿತ್ತು" ಎಂಬ ಒಂದು ಮಾತಿನಿಂದಲೇ ಅವರು ಶಿಲೀಂಧ್ರದ ಪರೀಕ್ಷೆ ಮಾಡಿಸಬಹುದು.

5. ಸಿಗಡಿ, ಏಡಿ ತಿಂದರೆ ಮೈ ತುರಿಸುವವರು ಅದನ್ನೂ ತಿಳಿಸಿ.

ರೋಗಿಯ ಜೊತೆಗಿರುವವರೇ, ಕಟ್ಟು ಬಿಚ್ಚುವಾಗ ಗಮನಿಸಿ. ಗಾಯದ ಅಂಚು ಕಪ್ಪಾದರೆ, ನೋವು ಏಕಾಏಕಿ ಹೆಚ್ಚಿದರೆ, ಬೂಷ್ಟಿನಂಥ ಪದರ ಕಂಡರೆ ನಾಳೆಗೆ ಬಿಡದೆ ಆ ದಿನವೇ ವೈದ್ಯರಿಗೆ ತೋರಿಸಿ. ಒಂದು ದಿನ ಮೊದಲು ಬಂದದ್ದರಿಂದ ಒಂದು ಕಾಲು ಉಳಿಯಬಹುದು.