ಹಿತ್ತಲ ಕೋಳಿಗೂಡು

ಹಳ್ಳಿಗಾಡಿನಲ್ಲಿ ಕೋಳಿಗೆ ಪ್ರತ್ಯೇಕವಾದ ಮನೆಯ ಅಗತ್ಯ ಅಷ್ಟಾಗಿ ಇರಲಿಲ್ಲ. ಹಗಲೆಲ್ಲ ತಿಪ್ಪೆ ಕೆದಕಿ ಸಂಜೆಗೆ ಹಿಂದಿರುಗಿದ ಕೋಳಿಗಳನ್ನು ಮಂಕರಿಯಡಿ ಕವುಚಿಟ್ಟರೆ ಮನೆಯವರ ಕೆಲಸ ಮುಗಿಯಿತು. ಬೆಂಗಳೂರಿನ ಪೂರ್ವಭಾಗದ ಹೊರಮಾವು ಕೂಡ ಒಂದು ಕಾಲಕ್ಕೆ ಕೆರೆ, ಹೊಲಗಳ ನಡುವಣ ಹಳ್ಳಿಯೇ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಅದು ನಗರದೊಳಗೆ ಸೇರಿತು. ಈಗ ಅಲ್ಲಿ ಕೋಳಿ ಸಾಕಬಯಸುವವನಿಗೆ ತಿಪ್ಪೆಯಿಲ್ಲ. ಗೋಡೆಯಾಚೆ ನೆರೆಮನೆ, ಬೀದಿಯಲ್ಲಿ ನಾಯಿ. ಆದುದರಿಂದ ಗೂಡು, ಅದಕ್ಕೆ ಹೊಂದಿದ ಬೇಲಿಯಂಗಳ ಇವೆರಡನ್ನೂ ಆಲೋಚಿಸಿಯೇ ಕಟ್ಟಬೇಕಾಗುತ್ತದೆ.

ಮೊದಲು ಲೆಕ್ಕ. ರಾತ್ರಿ ತಂಗಲು ಒಂದು ಕೋಳಿಗೆ 2 ಚದರ ಅಡಿ, ಹಗಲು ಓಡಾಡಲು ಸುಮಾರು 10 ಚದರ ಅಡಿ ಬೇಕು. ಹತ್ತು ಕೋಳಿಗಳಿಗೆ 20 ಚದರ ಅಡಿಯ ಗೂಡು, 100 ಚದರ ಅಡಿಯ ಅಂಗಳ ಎಂದಾಯಿತು. ನಗರದಲ್ಲಿ ಸಾಮಾನ್ಯವಾದ 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಅಷ್ಟು ಜಾಗ ಉಳಿಯುವುದು ಅಪರೂಪ. ಹೀಗಿರುವಾಗ ಐದು ಕೋಳಿಗಳಿಗೆ ತೃಪ್ತಿಪಡುವುದೇ ವಿವೇಕ. ಇಕ್ಕಟ್ಟಿನಲ್ಲಿ ಕೋಳಿಗಳು ಒಂದನ್ನೊಂದು ಕುಕ್ಕಿ ಗರಿ ಕೀಳುತ್ತವೆ. ಬಲಹೀನವಾದದ್ದು ಮೇವಿನ ಬಳಿಗೇ ಬರಲಾರದೆ ಸೊರಗುತ್ತದೆ.

ಅನಂತರ ನೆಲ. ಹೊರಮಾವಿನ ತಗ್ಗುಪ್ರದೇಶಗಳಿಗೆ ಮಳೆನೀರು ನುಗ್ಗುವುದುಂಟು. 2025ರ ಮೇ ತಿಂಗಳ ಮಳೆಯಲ್ಲಿ ಅಲ್ಲಿಯ ಸಾಯಿ ಬಡಾವಣೆ ಜಲಾವೃತವಾಯಿತು. ಮನುಷ್ಯನಾದರೆ ಮಹಡಿ ಏರಿಯಾನು; ಅಗುಳಿ ಹಾಕಿದ ಗೂಡಿನ ಕೋಳಿ ಎಲ್ಲಿಗೆ ಹೋದೀತು? ಹಿತ್ತಲಿನ ಎತ್ತರವಾದ ಮೂಲೆಯನ್ನೇ ಆರಿಸಿ, ಗೂಡನ್ನು ಎರಡು ಮೂರು ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಬೇಕು. ಗೂಡಿನ ಉದ್ದ ಪೂರ್ವ-ಪಶ್ಚಿಮವಾಗಿರಲಿ. ಆಗ ಬೆಳಗಿನ ಹಾಗೂ ಸಂಜೆಯ ಬಿಸಿಲು ಕಿರುಗೋಡೆಗಳಿಗೆ ಮಾತ್ರ ತಗಲುತ್ತದೆ. ಮುಂಚಾಚಿದ ಮಾಡು ನಡುಹಗಲಿನ ಬಿಸಿಲನ್ನೂ ಮಳೆಯ ಇರಚಲನ್ನೂ ತಡೆಯುತ್ತದೆ.

ಚಳಿಗೆ ಹೆದರಿ ಗೂಡಿನ ಸುತ್ತ ಗೋಣಿತಟ್ಟು ಬಿಗಿಯುವವರುಂಟು. ಬೆಂಗಳೂರಿನ ಚಳಿ ಬೆಳೆದ ಕೋಳಿಗೆ ಅಪಾಯಕರವಲ್ಲ, ಅಪಾಯವಿರುವುದು ತೇವದಲ್ಲಿ. ಗಾಳಿಯಾಡದ ಗೂಡಿನಲ್ಲಿ ಹಿಕ್ಕೆಯಿಂದ ಅಮೋನಿಯ ಎದ್ದು ಕಣ್ಣು, ಶ್ವಾಸಕೋಶಗಳನ್ನು ಕೆಡಿಸುತ್ತದೆ. ಒದ್ದೆಯಾದ ಹಾಸಿನಲ್ಲಿ ರಕ್ತಭೇದಿಯ ರೋಗಾಣುಗಳು ಬೆಳೆಯುತ್ತವೆ. ಎರಡು ಮೂರು ಅಂಗುಲ ದಪ್ಪ ಭತ್ತದ ಹೊಟ್ಟನ್ನು ಹಾಸಿ, ಆಗಾಗ ಕೆದಕಿ, ಒದ್ದೆಯಾದುದನ್ನು ತೆಗೆದುಹಾಕಿದರೆ ನೆರೆಮನೆಯವರ ದೂರೂ ಬಹುಮಟ್ಟಿಗೆ ತಪ್ಪುತ್ತದೆ.

ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಮರದ ಕೊಂಬೆಯೇರಿ ಇರುಳು ಕಳೆಯುವ ಅದರ ಸ್ವಭಾವ ಊರಕೋಳಿಯಲ್ಲಿಯೂ ಉಳಿದಿದೆ. ಒಂದು ಕೋಳಿಗೆ ಎಂಟು ಅಂಗುಲದಂತೆ ಗೂಡಿನಲ್ಲಿ ಅಡ್ಡಗೋಲು ಕಟ್ಟುವುದು ಈ ಕಾರಣಕ್ಕಾಗಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯನ್ನು ಸಾಕುವವರು ಕೋಲನ್ನು ತಗ್ಗಿಸಿ ಕಟ್ಟುವುದು ಲೇಸು. ಆ ಭಾರವಾದ ಕೋಳಿ ಎತ್ತರದಿಂದ ಧುಮುಕಿದರೆ ಕಾಲಿಗೆ ಪೆಟ್ಟಾದೀತು. ನಾಲ್ಕೈದು ಹೇಂಟೆಗಳಿಗೆ ಒಂದರಂತೆ, ಮಬ್ಬು ಬೆಳಕಿನ ಮೂಲೆಯಲ್ಲಿ ಮೊಟ್ಟೆಯಿಡುವ ಪೆಟ್ಟಿಗೆ ಸಾಕು. ಅಂಗಳದಲ್ಲಿ ಒಣಮಣ್ಣಿನ ಒಂದು ಗುಂಡಿಯಿರಲಿ. ಕೋಳಿ ಅದರಲ್ಲಿ ಹೊರಳಿ ಹೇನುಗಳನ್ನು ಕೊಡವಿಕೊಳ್ಳುತ್ತದೆ; ಧೂಳೇ ಅದರ ಸ್ನಾನ.

ಹಣ ಉಳಿಸಬಾರದ ಒಂದು ವಸ್ತುವಿದೆ: ಜಾಲರಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ತೆಳುತಂತಿಯ ಆರು ಮೂಲೆಯ ಜಾಲರಿ ಕೋಳಿ ಹೊರಹೋಗದಂತೆ ತಡೆಯುತ್ತದೆಯೇ ಹೊರತು ನಾಯಿ ಒಳನುಗ್ಗುವುದನ್ನು ತಡೆಯಲಾರದು. ಬೆಸುಗೆ ಹಾಕಿದ, ಅರ್ಧ ಅಂಗುಲದ ಕಣ್ಣಿನ ಜಾಲರಿಯೇ ಆಗಬೇಕು. ಮುಂಗುಸಿ, ಹೆಗ್ಗಣಗಳು ನೆಲ ತೋಡಿ ಬರುವುದರಿಂದ ಅಂಗಳದ ಸುತ್ತ ಅದನ್ನು ಒಂದು ಅಡಿ ಆಳಕ್ಕೆ ಹೂಳಬೇಕು. ಹದ್ದು ಎರಗದಂತೆ ಮೇಲೆಯೂ ಬಲೆ ಹೊದಿಸಬೇಕು.

ಕತ್ತಲು ಕವಿಯುವ ಹೊತ್ತಿಗೆ ಯಾರೂ ಕರೆಯದಿದ್ದರೂ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಅವನ್ನು ಎಣಿಸಿ ನೋಡಿ ಅಗುಳಿ ಹಾಕುವ ಕೆಲಸ ಮನೆಯವರದು. ಅದನ್ನು ಮರೆತ ರಾತ್ರಿ ಮೇಲಿನ ಯಾವ ಏರ್ಪಾಡೂ ಪ್ರಯೋಜನಕ್ಕೆ ಬರುವುದಿಲ್ಲ.