ಉಪವಾಸಕಾಲದಲ್ಲಿ ದೇಹದ ಸಮತೋಲ

ಪ್ರೋಷಧೋಪವಾಸವನ್ನು ಕೈಗೊಂಡ ಶ್ರಾವಕನು ಸಪ್ತಮಿಯ ಮಧ್ಯಾಹ್ನ ಧಾರಣೆಯ ಏಕಭುಕ್ತವನ್ನು ಮುಗಿಸಿ, ಅಷ್ಟಮಿಯನ್ನು ಕಳೆದು, ನವಮಿಯ ಮಧ್ಯಾಹ್ನ ಪಾರಣೆ ಮಾಡುವನು. ನಡುವಣ ಹದಿನಾರು ಪ್ರಹರಗಳಲ್ಲಿ, ಎಂದರೆ 48 ಗಂಟೆಗಳ ಕಾಲ, ಖಾದ್ಯ, ಸ್ವಾದ್ಯ, ಲೇಹ್ಯ, ಪೇಯಗಳೆಂಬ ಚತುರ್ವಿಧಾಹಾರವೂ ವರ್ಜ್ಯ. ಆದರೂ ಆತನು ಸಾಮಾಯಿಕದಲ್ಲಿ ಸ್ಥಿರವಾಗಿ ಕುಳಿತಿರಬಲ್ಲನು. ಇದು ಹೇಗೆ ಸಾಧ್ಯವೆಂಬುದನ್ನು ವ್ರತಿಕರು ಅರಿತಿರುವುದು ಒಳಿತು.

ವಯಸ್ಕನ ರಕ್ತದಲ್ಲಿ ಇರುವ ಸಕ್ಕರೆ ಒಟ್ಟು ಸುಮಾರು 5 ಗ್ರಾಂ, ಒಂದು ಸಣ್ಣ ಚಮಚೆಯಷ್ಟು. ಮಿದುಳೊಂದೇ ಗಂಟೆಗೆ ಹೆಚ್ಚುಕಡಿಮೆ ಅಷ್ಟನ್ನು ವ್ಯಯಿಸುತ್ತದೆ. ಹಾಗಿದ್ದೂ ರಕ್ತವು ಬರಿದಾಗದು. ಸಕ್ಕರೆ ಇಳಿಯತೊಡಗಿದೊಡನೆ ಮೇದೋಜೀರಕ ಗ್ರಂಥಿಯು ಅದನ್ನು ಗ್ರಹಿಸಿ ಇನ್ಸುಲಿನ್ನನ್ನು ತಗ್ಗಿಸುತ್ತದೆ, ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚಿಸುತ್ತದೆ. ಆ ಸೂಚನೆಯಂತೆ ಯಕೃತ್ತು ತಾನು ಕೂಡಿಟ್ಟ ಗ್ಲೈಕೋಜನ್ನನ್ನು ಒಡೆದು ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ಸಕ್ಕರೆ ಏರಿತೆಂದರೆ ಆ ಏರಿಕೆಯೇ ಗ್ಲುಕಗಾನ್‌ಗೆ ತಡೆ. ಕಾರ್ಯದ ಫಲವು ಕಾರಣದ ಬಳಿಗೆ ವರದಿಯಾಗಿ ಮರಳುವ ಈ ಏರ್ಪಾಡಿನಲ್ಲಿಯೇ ಸಮತೋಲದ ಗುಟ್ಟಿದೆ. 1926ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಇದಕ್ಕೆ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟನು.

ಯಕೃತ್ತಿನ ಸಂಗ್ರಹ ಹೆಚ್ಚುಕಡಿಮೆ ಒಂದು ದಿನಕ್ಕೆ ಮಾತ್ರ. ಅನಂತರ ಅದು ಸ್ನಾಯುಗಳ ಸಸಾರಜನಕದಿಂದ ಸಕ್ಕರೆಯನ್ನು ಹೊಸದಾಗಿ ತಯಾರಿಸುತ್ತದೆ. ಕೊಬ್ಬು ಕರಗಿ ಕೀಟೋನುಗಳಾಗಿ ಮಿದುಳಿಗೂ ಇಂಧನವಾಗತೊಡಗುತ್ತದೆ. ನೀರಿನ ವಿಷಯ ಇಷ್ಟು ಸಲೀಸಲ್ಲ. ರಕ್ತದ ಸಾಂದ್ರತೆ ಶೇಕಡಾ 1-2ರಷ್ಟು ಏರಿದರೂ ಮಿದುಳು ಅದನ್ನು ತಿಳಿದು ಬಾಯಾರಿಕೆಯನ್ನು ಎಬ್ಬಿಸುತ್ತದೆ, ನೀರನ್ನು ಉಳಿಸುವಂತೆ ಮೂತ್ರಪಿಂಡಗಳಿಗೆ ಸೂಚಿಸುತ್ತದೆ. ಆದರೆ ಮೂತ್ರಪಿಂಡಗಳು ಉಳಿಸಬಲ್ಲವೇ ಹೊರತು ನೀರನ್ನು ಹುಟ್ಟಿಸಲಾರವು. ಉಸಿರು ಮತ್ತು ಚರ್ಮದ ಮೂಲಕ ಆಗುವ ನಷ್ಟ ನಿಲ್ಲದು. ಮುಪ್ಪಿನಲ್ಲಿ ಬಾಯಾರಿಕೆಯ ಅರಿವೇ ಮಂದವಾಗುವುದರಿಂದ ವೃದ್ಧರಿಗೆ ಬೇಸಿಗೆಯ ನಿರ್ಜಲ ಉಪವಾಸ ಹೆಚ್ಚು ಅಪಾಯಕರ.

ಮಧುಮೇಹಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಗ್ರಂಥಿಯ ಇನ್ಸುಲಿನ್ ಸಕ್ಕರೆಯ ಮಟ್ಟಕ್ಕೆ ಕಿವಿಗೊಡುತ್ತದೆ; ಸೂಜಿಯಿಂದ ಚುಚ್ಚಿದ ಇನ್ಸುಲಿನ್ ಕಿವಿಗೊಡದು. ಕೆಲವು ಮಾತ್ರೆಗಳೂ ಹಾಗೆಯೇ. ಊಟವಿಲ್ಲದಿದ್ದರೂ ಅವು ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಹಾಗೆಂದು ಇನ್ಸುಲಿನ್ನನ್ನೇ ನೆಚ್ಚಿಕೊಂಡವರು ತಾವಾಗಿ ಸೂಜಿಯನ್ನು ಬಿಟ್ಟರೆ, ಅನ್ನ ಮುಟ್ಟದಿದ್ದರೂ ಸಕ್ಕರೆ ಏರಿ, ಕೀಟೋನುಗಳು ಮಿತಿಮೀರಿ ಪ್ರಾಣಕ್ಕೇ ಕುತ್ತಾಗಬಹುದು. ಆದುದರಿಂದ ವೈದ್ಯರನ್ನು ವಿಚಾರಿಸಬೇಕಾದುದು ಸಂಕಲ್ಪಕ್ಕೆ ಮೊದಲು, ಅನಂತರವಲ್ಲ. ಅವರು ಬೇಡವೆಂದರೆ ತಪಸ್ಸಿನ ಬಾಗಿಲು ಮುಚ್ಚಿತೆಂದು ಕೊರಗಬೇಕಾಗಿಲ್ಲ. ಅವಮೌದರ್ಯ, ರಸಪರಿತ್ಯಾಗಗಳೂ ಅನಶನದೊಡನೆ ಬಾಹ್ಯತಪಗಳಲ್ಲಿಯೇ ಎಣಿಸಲ್ಪಟ್ಟಿವೆ. ಷೋಡಶಭಾವನೆಗಳಲ್ಲಿ ತಪಕ್ಕೆ ‘ಶಕ್ತಿತಃ’ ಎಂಬ ವಿಶೇಷಣವಿರುವುದೂ ವ್ಯರ್ಥವಲ್ಲ.

ಉಪವಾಸದ ನಡುವೆ ತಣ್ಣನೆಯ ಬೆವರು, ಕೈನಡುಕ, ಮಾತಿನ ತೊದಲು ಕಂಡುಬಂದರೆ ಕೆಲವರು ಅದನ್ನು ಕ್ಷುಧಾ ಪರೀಷಹವೆಂದು ಭಾವಿಸಿ ಮರೆಮಾಚುತ್ತಾರೆ. ಇದು ತಪ್ಪು. ಅದು ಮಿದುಳಿಗೆ ಸಕ್ಕರೆ ಸಾಲದೆಂಬ ಕೂಗು. ಇನ್ನೂ ಇಳಿದರೆ ಎಚ್ಚರವೇ ತಪ್ಪುವುದು, ಎಚ್ಚರ ತಪ್ಪಿದವನಿಗೆ ಸಾಮಾಯಿಕವೆಲ್ಲಿ? ಎಚ್ಚರವಿರುವಾಗಲೇ ಮನೆಯವರು ಸಕ್ಕರೆಯ ನೀರನ್ನು ಕುಡಿಸಿ ವೈದ್ಯರನ್ನು ಕರೆಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಡವಿಲ್ಲದೆ ಆಸ್ಪತ್ರೆಗೆ ಸಾಗಿಸಬೇಕು. ವ್ರತಭಂಗದ ಪ್ರಾಯಶ್ಚಿತ್ತವನ್ನು ಗುರುಗಳಲ್ಲಿ ಕೇಳಲು ಅನಂತರ ಸಮಯವಿದೆ.